ಮಗನಿಗೆ ಮೂಳೆ ಕ್ಯಾನ್ಸರ್ ಅಂತ ಹೇಗೆ ಹೇಳಲಿ?

ಪ್ರಶ್ನೆ: ಡಾಕ್ಟ್ರೇ, ನನ್ನ ಮಗನಿಗೆ 16 ವರ್ಷ. ಮೊದಲ ಪಿಯುಸಿ. ಕಾಲೇಜಿನ ಕಬಡ್ಡಿ ತಂಡದಲ್ಲಿ ರೈಡರ್. ಮೂರು ತಿಂಗಳಿಂದ ಎಡ ಮಂಡಿಯ ಹತ್ತಿರ ನೋವು ಅನ್ನುತ್ತಿದ್ದ. ಆಟದಲ್ಲಿ ಉಳುಕಿರಬೇಕು ಅಂತ ಎಣ್ಣೆ ಹಚ್ಚಿಸಿ ನೀವಿಸಿದೆವು. ರಾತ್ರಿ ನೋವಿಗೆ ನಿದ್ದೆಯೇ ಬರದಂತಾದಾಗ ಎಕ್ಸ್‌ರೇ ತೆಗೆಸಿದೆವು. ಬಯಾಪ್ಸಿಯಲ್ಲಿ ಆಸ್ಟಿಯೋಸಾರ್ಕೋಮಾ ಅಂತ ಬಂದಿದೆ. ಶ್ವಾಸಕೋಶಕ್ಕೆ ಹರಡಿಲ್ಲವಂತೆ. ಕೀಮೋ ಮುಂದಿನ ವಾರ ಶುರು. ಅವನಿಗೆ ‘ಸಣ್ಣ ಗಡ್ಡೆ’ ಅಂತಷ್ಟೇ ಹೇಳಿದ್ದೇವೆ. ಆಡೋಕೆ ಕಳಿಸಿದ್ದೇ ತಪ್ಪಾಯ್ತು ಅಂತ ನನ್ನ ಹೆಂಡತಿ ದಿನಾ ಅಳುತ್ತಾಳೆ. ‘ಯುವರಾಜ್ ಸಿಂಗ್ ವಾಪಸ್ ಬಂದು ಆಡಲಿಲ್ವಾ’ ಅಂತ ನೆಂಟರು ಧೈರ್ಯ ಹೇಳುತ್ತಾರೆ. ಅವನಿಗೆ ನಿಜ ಹೇಳಬೇಕಾ?

– ಹೆಸರು ಬೇಡ, ಮಂಡ್ಯ ಜಿಲ್ಲೆ

ಉತ್ತರ (ಕ್ಯಾನ್ಸರ್ ತಜ್ಞ ವೈದ್ಯರಿಂದ): ಹೇಳಿ. ಕೀಮೋ ಶುರುವಾಗುವ ಮೊದಲೇ ಹೇಳಿ.

ಮುಚ್ಚಿಟ್ಟರೂ ಅದು ಹೆಚ್ಚು ದಿನ ನಿಲ್ಲುವುದಿಲ್ಲ. ಆಸ್ಪತ್ರೆಯ ಬೋರ್ಡಿನಲ್ಲೇ ಆ ಪದ ಇರುತ್ತದೆ. ಚೀಟಿಯಲ್ಲಿರುವ ಔಷಧಿಯ ಹೆಸರನ್ನು ಅವನು ಮೊಬೈಲ್‌ನಲ್ಲಿ ಹಾಕಿ ನೋಡುತ್ತಾನೆ. ಪಕ್ಕದ ಬೆಡ್ಡಿನ ಹುಡುಗ ‘ನಿಂಗೆ ಕೀಮೋ ಎಷ್ಟನೇ ಸುತ್ತು?’ ಅಂತ ಕೇಳೇ ಕೇಳುತ್ತಾನೆ. ಅಲ್ಲಿ ಗೊತ್ತಾಗುವುದಕ್ಕಿಂತ ಅಪ್ಪ ಅಮ್ಮನ ಬಾಯಿಂದ ಕೇಳುವುದು ಮೇಲು. ಇಲ್ಲದಿದ್ದರೆ ಮುಂದೆ ನೀವು ಒಳ್ಳೆಯ ಸುದ್ದಿ ಹೇಳಿದರೂ ಅವನು ನಂಬಲ್ಲ.

ನೀವಿಬ್ಬರೂ ಇರಿ, ಡಾಕ್ಟರೂ ಇರಲಿ. ನೀಳವಾದ ಪೀಠಿಕೆ ಬೇಡ. ‘ನಿನ್ನ ಮೂಳೆಯಲ್ಲಿ ಕ್ಯಾನ್ಸರ್ ಇದೆ ಮಗಾ. ಬೇರೆ ಕಡೆ ಹರಡಿಲ್ಲ. ಇದಕ್ಕೆ ಚಿಕಿತ್ಸೆ ಇದೆ. ನೀನು ಏನೇ ಕೇಳಿದ್ರೂ ನಾವು ಸುಳ್ಳು ಹೇಳಲ್ಲ’ ಅಂದರೆ ಸಾಕು. ಆಮೇಲೆ ಸುಮ್ನಿರಿ. ಅವನು ಅಳಬಹುದು, ಸಿಟ್ಟಾಗಬಹುದು, ಎದ್ದು ಹೋಗಿ ಮೊಬೈಲ್ ಹಿಡಿದು ಕೂರಬಹುದು. ಅವನ ಪಾಡಿಗೆ ಬಿಡಿ.

ಚಿಕಿತ್ಸೆಯ ವೇಳಾಪಟ್ಟಿಯನ್ನು ಅವನ ಕೈಗೇ ಕೊಡಿ. ಸಾಮಾನ್ಯವಾಗಿ ಮೊದಲು ಸುಮಾರು 10 ವಾರ ಕೀಮೋ, ಆಮೇಲೆ ಆಪರೇಷನ್, ಮತ್ತೆ ಕೆಲವು ತಿಂಗಳು ಕೀಮೋ. ಹತ್ತಿರ ಹತ್ತಿರ ಎಂಟೊಂಬತ್ತು ತಿಂಗಳು. ನಾನು ನೋಡಿದ ಮಟ್ಟಿಗೆ ಆಟಗಾರ ಮಕ್ಕಳಿಗೆ ಬರೀ ಸಮಾಧಾನದ ಮಾತಿಗಿಂತ ಇಂಥ ಪಟ್ಟಿ ಜಾಸ್ತಿ ಬಲ ಕೊಡುತ್ತದೆ. ಹರಡುವ ಮೊದಲೇ ಸಿಕ್ಕಿದ ಈ ಕಾಯಿಲೆಯಲ್ಲಿ 100ಕ್ಕೆ 60ರಿಂದ 70 ಮಂದಿ ಐದು ವರ್ಷದ ನಂತರವೂ ಬದುಕಿರುತ್ತಾರೆ. ಅವನು ಕೇಳಿದರೆ ಈ ಲೆಕ್ಕವನ್ನೂ ಹೇಳಿ.

ಆದರೆ ಅವನ ಮೊದಲ ಪ್ರಶ್ನೆ ಬಹುಶಃ ಇದಾಗಿರಲ್ಲ. ‘ಮತ್ತೆ ಕಬಡ್ಡಿ ಆಡ್ತೀನಾ?’ ಅಂತ ಕೇಳುತ್ತಾನೆ. ಇಲ್ಲೇ ಯುವರಾಜ್ ಕಥೆ ತೊಂದರೆ ಮಾಡುವುದು. ಅವರಿಗೆ ಬಂದದ್ದು ಎದೆಯೊಳಗಿನ ಬೇರೆಯೇ ಜಾತಿಯ ಗಡ್ಡೆ. 2012ರಲ್ಲಿ ಕೀಮೋ ಮುಗಿಸಿ ಅದೇ ವರ್ಷ ಮೈದಾನಕ್ಕೆ ಬಂದರು. ನಿಮ್ಮ ಮಗನದು ಮಂಡಿಯ ಮೂಳೆ. ಈಗ ಬಹಳಷ್ಟು ಮಕ್ಕಳಿಗೆ ಕಾಲು ತೆಗೆಯದೆ, ರೋಗ ಇರುವ ಮೂಳೆಯ ಭಾಗವನ್ನಷ್ಟೇ ತೆಗೆದು ಲೋಹದ ಕೀಲು ಕೂರಿಸುತ್ತಾರೆ. ಆ ಕಾಲಲ್ಲಿ ನಡೆಯಬಹುದು, ಈಜಬಹುದು. ಕಬಡ್ಡಿಯಂಥ ಎಳೆದಾಡುವ ಆಟ ಆಡಬೇಡಿ ಅಂತಲೇ ಹೇಳುತ್ತೇವೆ. ಹಾಗಾಗಿ ‘ಆಡ್ತೀಯ ಬಿಡು’ ಅನ್ನಬೇಡಿ. ‘ಆಪರೇಷನ್ ಮಾಡೋ ಡಾಕ್ಟರನ್ನೇ ಕೇಳೋಣ, ನೀನೇ ಕೇಳು’ ಅನ್ನಿ. ಕೋಚಾಗು, ರೆಫರಿಯಾಗು ಅನ್ನುವ ಸಲಹೆಗಳೂ ಸದ್ಯಕ್ಕೆ ಬೇಡ. ಕಳೆದುಕೊಂಡದ್ದಕ್ಕೆ ದುಃಖಪಡುವಷ್ಟು ಹೊತ್ತಾದರೂ ಅವನಿಗೆ ಸಿಗಲಿ.

ನಿಮ್ಮ ಹೆಂಡತಿಗೆ ಈ ಮಾತು ಓದಿ ಹೇಳಿ: ಆಟದಿಂದ ಈ ಕ್ಯಾನ್ಸರ್ ಬರುವುದಿಲ್ಲ, ಪೆಟ್ಟಿನಿಂದಲೂ ಬರುವುದಿಲ್ಲ. ಹುಡುಗರು ಸರಸರ ಉದ್ದ ಬೆಳೆಯುವ ವಯಸ್ಸಲ್ಲೇ ಇದು ಜಾಸ್ತಿ, ಅದೂ ಮಂಡಿಯ ಹತ್ತಿರವೇ. ಬಿದ್ದಾಗ ಆ ಜಾಗದ ಕಡೆ ಗಮನ ಹೋಗುತ್ತದೆ, ಅಷ್ಟೇ. ಮೂರು ತಿಂಗಳು ತಡವಾದದ್ದಕ್ಕೂ ಯಾರನ್ನೂ ಬೈಯಬೇಡಿ. ಆಡುವ ಹುಡುಗನ ಮಂಡಿ ನೋವು ಹೆಚ್ಚಿನ ಸಲ ಪೆಟ್ಟೇ ಆಗಿರುತ್ತದೆ. ಇನ್ನು ಮುಂದೆ ಮಾತ್ರ ನೀವಿಸುವುದು, ಕಟ್ಟು ಹಾಕಿಸುವುದು ಯಾವುದೂ ಬೇಡ. ಆ ಮೂಳೆ ಈಗ ಸುಲಭವಾಗಿ ಮುರಿಯುತ್ತದೆ. ಎಷ್ಟು ಭಾರ ಹಾಕಬಹುದು, ಊರುಗೋಲು ಬೇಕಾ ಅಂತ ಡಾಕ್ಟರನ್ನು ಈಗಲೇ ಕೇಳಿ.

ಇನ್ನೊಂದು ವಿಷಯ, ಮನೆಯಲ್ಲಿ ಮಾತಾಡಲು ಮುಜುಗರ ಅನ್ನಿಸುವಂಥದ್ದು. ಕೀಮೋದಿಂದ ಮುಂದೆ ಮಕ್ಕಳಾಗುವುದಕ್ಕೆ ತೊಂದರೆ ಆಗಬಹುದು. ಅದಕ್ಕೇ ಮೊದಲೇ ವೀರ್ಯ ತೆಗೆದಿಡುವ ವ್ಯವಸ್ಥೆ ಇದೆ. ನಿಮಗೆ ಕಷ್ಟವಾದರೆ ಹುಡುಗನ ಹತ್ತಿರ ಡಾಕ್ಟರೇ ಮಾತಾಡಲಿ. ಆದರೆ ಈ ವಾರವೇ ಆಗಬೇಕು. ಕ್ಯಾನ್ಸರ್ ಅಂತ ಹೇಳದೆ ಇದನ್ನು ಹೇಗೆ ಹೇಳುತ್ತೀರಿ ಹೇಳಿ?

ಖರ್ಚಿನ ಮಾತು. ಬಿಪಿಎಲ್ ಕಾರ್ಡಿದ್ದರೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ಜಮೀನು ಅಡ ಇಡುವ ಮೊದಲು ಆಸ್ಪತ್ರೆಯ ಆಯುಷ್ಮಾನ್ ಕೌಂಟರಿನಲ್ಲಿ ವಿಚಾರಿಸಿ. ರೈಲಿನಲ್ಲಿ ಕ್ಯಾನ್ಸರ್ ರೋಗಿಗೂ ಜೊತೆಗೆ ಹೋಗುವವರಿಗೂ ರಿಯಾಯಿತಿ ಇದೆ, ಅದರ ಫಾರಂ ಆಸ್ಪತ್ರೆಯಲ್ಲೇ ತುಂಬಿಸಿಕೊಳ್ಳಬೇಕು.

ಮನೆಯಲ್ಲಿ ಒಂದು ಥರ್ಮಾಮೀಟರ್ ಇಟ್ಟುಕೊಳ್ಳಿ. ಕೀಮೋ ನಡೆಯುವಾಗ ರಕ್ತದ ಬಿಳಿ ಕಣ ಇಳಿಯುತ್ತದೆ, ಸಣ್ಣ ಸೋಂಕೂ ಜೀವಕ್ಕೆ ಕುತ್ತು ತರಬಹುದು. ಜ್ವರ 100.4 ಡಿಗ್ರಿ ಮುಟ್ಟಿದರೆ ಮಾತ್ರೆ ನುಂಗಿಸಿ ಬೆಳಗಾಗಲಿ ಅಂತ ಕಾಯಬೇಡಿ. ಆಸ್ಪತ್ರೆಗೆ ಫೋನ್ ಮಾಡಿ ರಾತ್ರಿಯೇ ಹೊರಡಿ.