ಯೋಗ ಪ್ರಶ್ನೋತ್ತರ: ಚತುರಂಗದಲ್ಲಿ ಎಷ್ಟು ಇಳಿಯಬೇಕು?

ಪ್ರಶ್ನೆ: ನನಗೆ 34 ವರ್ಷ. ಮೊದಲು ಕಲಿತ ಸೂರ್ಯನಮಸ್ಕಾರದಲ್ಲಿ ಮೊಣಕಾಲು, ಎದೆ, ಗಲ್ಲ ನೆಲಕ್ಕೆ ತಾಗಿಸುತ್ತಿದ್ದೆವು. ಈಗ ವಿಡಿಯೋ ನೋಡಿ ಅದರ ಬದಲು ಚತುರಂಗ ದಂಡಾಸನ (ಅಂಗೈ, ಕಾಲ್ಬೆರಳು ಮಾತ್ರ ಊರಿ, ಮೊಣಕೈ ಮಡಚಿ, ಮೈಯನ್ನು ನೆಲಕ್ಕೆ ತಾಗಿಸದೆ ನೆಟ್ಟಗೆ ಹಿಡಿಯುವ ಆಸನ) ಮಾಡುತ್ತಿದ್ದೇನೆ. ದಿನಾ ಬೆಳಿಗ್ಗೆ ಅಷ್ಟಾಂಗ ಪದ್ಧತಿಯ ಎರಡು ಬಗೆಯ ಸೂರ್ಯನಮಸ್ಕಾರ, ‘ಎ’ 5 ಸುತ್ತು, ‘ಬಿ’ 5 ಸುತ್ತು. ಈಚೆಗೆ ಬಲ ಭುಜದ ಮುಂಭಾಗದಲ್ಲಿ ಚುಚ್ಚಿದ ಹಾಗೆ ನೋವು. ಶಕ್ತಿ ಸಾಲುವುದಿಲ್ಲವೇ? ಇನ್ನೂ ಹೆಚ್ಚು ಮಾಡಬೇಕೇ?
– ಓದುಗರು, ಸುರತ್ಕಲ್

ಉತ್ತರ: ಹೆಚ್ಚು ಮಾಡಲೇಬೇಡಿ. ‘ಎ’ ಸುತ್ತಿನಲ್ಲಿ ಚತುರಂಗ ಒಂದು ಸಲ ಬರುತ್ತದೆ, ‘ಬಿ’ಯಲ್ಲಿ ಮೂರು ಸಲ. ಐದೈದು ಸುತ್ತು ಎಂದರೆ ದಿನಕ್ಕೆ 20 ಚತುರಂಗ ಆಯಿತು. ಮೊದಲ ನಾಲ್ಕೈದು ಚೆನ್ನಾಗಿಯೇ ಇರಬಹುದು. ಆಮೇಲೆ ತೋಳು ಸೋತು, ಎದೆ ನೆಲದತ್ತ ಕುಸಿಯುತ್ತದೆ. ಹಾಗೆ ಕುಸಿದದ್ದನ್ನೇ ‘ಚೆನ್ನಾಗಿ ಇಳಿದೆ’ ಎಂದು ನಾವು ತಿಳಿಯುತ್ತೇವೆ.

ಉಡುಪಿಯ ನಮ್ಮ ತರಗತಿಯಲ್ಲಿ ಈ ಆಸನ ಬಂದಾಗ ನಾನು ಪಕ್ಕದಲ್ಲಿ ಕೂತು ಭುಜದ ತುದಿಯನ್ನೂ ಮೊಣಕೈಯನ್ನೂ ಮಾತ್ರ ನೋಡುತ್ತೇನೆ. ಭುಜ ಮೊಣಕೈಯ ಮಟ್ಟಕ್ಕೆ ಬಂದಲ್ಲಿಗೆ ನಿಲ್ಲಬೇಕು. ಅದಕ್ಕಿಂತ ಒಂದಿಂಚು ಕೆಳಗೆ ಹೋದರೂ ತೋಳಿನ ಮೂಳೆಯ ತಲೆ ಮುಂದಕ್ಕೆ ಜಾರಿ, ಭುಜದ ಮುಂಭಾಗದ ಸ್ನಾಯುರಜ್ಜುಗಳ ಮೇಲೆ ಭಾರ ಬೀಳುತ್ತದೆ. ನಿಮಗೆ ಚುಚ್ಚುವ ಜಾಗವೂ ಅದೇ.

ಇದು ಬರೀ ತೋಳಿನ ಬಲದ ಪ್ರಶ್ನೆ ಅಲ್ಲ. ಮಲ್ಪೆಯಲ್ಲಿ ಬೋಟಿಗೆ ಹೋಗುವ ಯುವಕರೊಬ್ಬರು ನಮ್ಮಲ್ಲಿಗೆ ಬರುತ್ತಾರೆ. ಬಲೆ ಎಳೆದೆಳೆದು ತೋಳು ಕಬ್ಬಿಣದ ಹಾಗೆ ಉಂಟು. ಆದರೂ ಅವರು ಇಳಿಯುವಾಗ ಬೆನ್ನಿನ ರೆಕ್ಕೆಮೂಳೆಗಳು ಬನಿಯನ್ನಿನ ಮೇಲಿಂದಲೇ ಕಾಣುವಷ್ಟು ಎದ್ದು ನಿಲ್ಲುತ್ತಿದ್ದವು. ಎಳೆಯುವ ಸ್ನಾಯುಗಳೇ ಬೇರೆ, ತಳ್ಳುವ ಸ್ನಾಯುಗಳೇ ಬೇರೆ. ರೆಕ್ಕೆಮೂಳೆಯನ್ನು ಪಕ್ಕೆಲುಬಿಗೆ ಅಂಟಿಸಿ ಹಿಡಿಯುವ ಸೆರೇಟಸ್ ಎಂಬ ಸ್ನಾಯು ಅವರಲ್ಲಿ ಪಳಗಿರಲಿಲ್ಲ. ಅವರಿಗೆ ಮೊದಲು ಕೊಟ್ಟದ್ದು ಇಷ್ಟೇ: ಪ್ಲ್ಯಾಂಕ್‌ನಲ್ಲಿ (ಅಂಗೈ, ಕಾಲ್ಬೆರಳು ಊರಿ ಮೈಯನ್ನು ಹಲಗೆಯ ಹಾಗೆ ನೇರ ಹಿಡಿಯುವ ಭಂಗಿ) ನಿಂತು, ಮೊಣಕೈ ಮಡಚದೆ, ಎದೆಯನ್ನು ಸ್ವಲ್ಪ ಕೆಳಗೆ ಬಿಟ್ಟು, ಮತ್ತೆ ಅಂಗೈಯಿಂದ ನೆಲವನ್ನು ದೂಡಿ ಮೇಲ್ಬೆನ್ನನ್ನು ಎತ್ತುವುದು. ನೋಡಲಿಕ್ಕೆ ಏನೂ ಇಲ್ಲ, ಆದರೆ ಎಂಟು ಸಲ ಮಾಡುವಷ್ಟರಲ್ಲಿ ಕಂಕುಳ ಕೆಳಗೆ ಬಿಸಿಯೇರುತ್ತದೆ. ರೆಕ್ಕೆಮೂಳೆ ಕೂತ ಮೇಲೆಯೇ ಅವರಿಗೆ ಮೊಣಕೈ ಮಡಚಲು ಹೇಳಿದೆ.

ನೀವು ಎರಡು ವಾರ ಪೂರ್ಣ ಚತುರಂಗ ಬಿಡಿ. ನೀವು ಮೊದಲು ಕಲಿತ, ಮೊಣಕಾಲು, ಎದೆ ನೆಲಕ್ಕೆ ತಾಗಿಸುವ ಹಳೆಯ ಸಾಷ್ಟಾಂಗ ಭಂಗಿಗೇ ಮರಳಿ, ಅದರಲ್ಲಿ ಯಾವ ಕೊರತೆಯೂ ಇಲ್ಲ. ಅದೂ ಚುಚ್ಚಿದರೆ ಹೊಟ್ಟೆಯ ಮೇಲೆ ನೇರ ಮಲಗಿಯೇ ಮುಂದುವರಿಯಿರಿ. ನೋವು ಪೂರ್ತಿ ಹೋದ ಮೇಲೆ ಮೊಣಕಾಲು ಊರಿ ಆರಂಭಿಸಿ. ಮೊಣಕೈ ಮಡಚುವ ಮೊದಲು ಇಡೀ ದೇಹವನ್ನು ಎರಡು ಮೂರು ಇಂಚು ಮುಂದಕ್ಕೆ ಒಯ್ಯಿರಿ. ಹೆಚ್ಚಿನವರು ಮರೆಯುವುದು ಇದನ್ನೇ. ಮುಂದೆ ಹೋಗದೆ ಇಳಿದರೆ ಮೊಣಕೈ ಮಣಿಕಟ್ಟಿಗಿಂತ ಹಿಂದೆ ಉಳಿಯುತ್ತದೆ. ಸರಿಯಾಗಿ ಹೋದರೆ ಮುಂಗೈ ಕಂಬದ ಹಾಗೆ ನೆಟ್ಟಗಿರುತ್ತದೆ. ಮೊಣಕೈ ಪಕ್ಕೆಯನ್ನು ಸವರುತ್ತ ಹಿಂದಕ್ಕೆ ಮಡಚಲಿ, ಹೊರಗೆ ಹರಡುವುದು ಬೇಡ. ಉಸಿರು ಬಿಡುತ್ತ ಐದು ಎಣಿಸುವಷ್ಟು ನಿಧಾನವಾಗಿ ಇಳಿಯಿರಿ. ದೇಹವನ್ನು ಮೇಲೆತ್ತಲಾಗದವರೂ ಹೀಗೆ ತಡೆದು ತಡೆದು ಇಳಿಯಬಲ್ಲರು. ಬಲ ಬೆಳೆಯುವುದು ಆ ತಡೆಯುವಿಕೆಯಲ್ಲೇ.

ಎಲ್ಲಿ ನಿಲ್ಲಬೇಕೆಂದು ಗೊತ್ತಾಗದಿದ್ದರೆ ಚಾಪೆ, ಜಮಖಾನ ಸುತ್ತಿ ಎದೆಯ ಕೆಳಗೆ ಉದ್ದಕ್ಕೆ ಇಡಿ. ಭುಜ ನಿಮ್ಮ ಮುಂಗೈ ಉದ್ದದಷ್ಟು ಎತ್ತರದಲ್ಲಿ ಇರುವಾಗಲೇ ಎದೆ ಅದಕ್ಕೆ ತಾಗುವಂತಿರಲಿ. ಇಂಥ ಆಸರೆಗಳಿಂದ ಕಲಿಸುವ ದಾರಿಯನ್ನು ಜಗತ್ತಿಗೇ ತೋರಿಸಿದವರು ನಮ್ಮ ಬೆಳ್ಳೂರಿನ ಯೋಗಗುರು ಬಿ.ಕೆ.ಎಸ್. ಅಯ್ಯಂಗಾರ್. ಆಸರೆ ಇಟ್ಟರೆ ಮರ್ಯಾದೆ ಕಡಿಮೆ ಎಂದು ಭಾವಿಸುವವರನ್ನು ಕಂಡರೆ ನನಗೆ ನಿಜಕ್ಕೂ ಬೇಸರವಾಗುತ್ತದೆ.

ಎದೆ, ತೋಳಿನ ಹಿಂಭಾಗದ ಸ್ನಾಯು ಎರಡು ದಿನ ಹಿಡಿದ ಹಾಗೆ ಸ್ವಲ್ಪ ನೊಂದರೆ ಹೆದರಬೇಡಿ. ಆದರೆ ಕೈಯನ್ನು ಪಕ್ಕದಿಂದ ಮೇಲೆತ್ತುವಾಗ ನೋವು, ರಾತ್ರಿ ಆ ಮಗ್ಗುಲಿಗೆ ಮಲಗಲಾಗದಂಥ ನೋವು ಇದ್ದರೆ ಮೂಳೆ ವೈದ್ಯರಿಗೆ ತೋರಿಸಿ.

ಪ್ರಶ್ನೆ: ಮೇ ತಿಂಗಳ ಸೆಕೆಯಲ್ಲಿ ಅಂಗೈ ಬೆವರಿ ಜಾರುತ್ತದೆ. ಮಳೆಗಾಲದಲ್ಲಿ ನಮ್ಮ ರೆಡ್‌ಆಕ್ಸೈಡ್ ನೆಲವೇ ಒದ್ದೆ. ಎಂತ ಮಾಡುವುದು?
– ಓದುಗಿ, ಮಣ್ಣಗುಡ್ಡೆ

ಉತ್ತರ: ನೆಲವನ್ನು ಒಣಬಟ್ಟೆಯಿಂದ ಒರಸಿಯೇ ಮ್ಯಾಟ್ ಹಾಸಿ. ಕೈಯಿಡುವ ಜಾಗಕ್ಕೆ ತೆಳುವಾದ ಹತ್ತಿಯ ಬೈರಾಸು (ಟವೆಲ್) ಸಾಕು, ಅದನ್ನು ಮ್ಯಾಟಿನ ಅಂಚಿನ ಕೆಳಗೆ ಮಡಚಿ ಸಿಕ್ಕಿಸಿ. ಟಾಲ್ಕಂ ಪೌಡರ್ ಹಾಕಬೇಡಿ, ಬೆವರಿನ ಜತೆ ಸೇರಿ ಇನ್ನೂ ಜಾರುತ್ತದೆ. ಜಾರುವ ದಿನ ಗೋಡೆಗೆ ಕೈಕೊಟ್ಟು ಮಾಡಿ.

ಪ್ರಶ್ನೆ: ಬೀಡಿ ಕಟ್ಟುತ್ತೇನೆ, 46 ವರ್ಷ. ಮಗಳ ಜತೆ ಯೋಗಕ್ಕೆ ಸೇರಿದೆ. ಅಂಗೈ ಊರಿದ ಕೂಡಲೇ ಮಣಿಕಟ್ಟು ನೋಯುತ್ತದೆ. ಚತುರಂಗ ನನಗೆ ಆಗುವುದೇ ಇಲ್ಲವೇ?
– ಓದುಗಿ, ಕಟಪಾಡಿ

ಉತ್ತರ: ಆಗಬಹುದು, ದಾರಿ ಸ್ವಲ್ಪ ಬೇರೆ. ದಿನವಿಡೀ ಬೆರಳು ಮಡಚಿಯೇ ದುಡಿಯುವ ಕೈ ನಿಮ್ಮದು. ಅದಕ್ಕೆ ಒಮ್ಮೆಲೇ ಮಣಿಕಟ್ಟು ಹಿಂದಕ್ಕೆ ಬಾಗಿಸಿ ಮೈಭಾರ ಹೊರಿಸುವುದು ಅನ್ಯಾಯ. ಆರಂಭದಲ್ಲಿ ಮೊಣಕೈ ಊರಿ ಪ್ಲ್ಯಾಂಕ್ ಮಾಡಿ. ಆಮೇಲೆ ಗೋಡೆಗೆ ಅಂಗೈ ಊರಿ, ಆಮೇಲೆ ಅಲುಗಾಡದ ಮೇಜಿನ ಅಂಚಿಗೆ. ಅಂಗೈ ಊರುವಾಗ ಬೆರಳು ಅಗಲಿಸಿ, ತೋರುಬೆರಳಿನ ಬುಡವನ್ನು ಚೆನ್ನಾಗಿ ಒತ್ತಿ, ಭಾರವೆಲ್ಲ ಅಂಗೈಯ ಹಿಮ್ಮಡಿಗೇ ಬೀಳದಿರಲಿ.

ಒಂದು ಮಾತು ಮಾತ್ರ ಕೇಳಬೇಕು. ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಮರಗಟ್ಟಿ ಎಚ್ಚರವಾಗುತ್ತದೆಯೇ? ಹಾಗಿದ್ದರೆ ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿರಬಹುದು. ಮೊದಲು ವೈದ್ಯರಲ್ಲಿ ಪರೀಕ್ಷೆ ಮಾಡಿಸಿ. ಅಲ್ಲಿಯವರೆಗೆ ಅಂಗೈ ಊರುವ ಆಸನಗಳು ಬೇಡ. ನಿಂತು ಮಾಡುವ ವೀರಭದ್ರಾಸನ, ವೃಕ್ಷಾಸನಗಳನ್ನು ಮಗಳ ಜತೆ ಧಾರಾಳವಾಗಿ ಮಾಡಿ.