ಪ್ರಶ್ನೆ ಕೇಳದ ಅಜ್ಜ ಬೇಕಂತೆ

ನನ್ನ ಬಳಿ ಸಲಹೆಗೆ ಬಂದ ಒಂದು ಮನೆಯವರ ಕಥೆ ಇದು, ಗುರುತು ಸಿಗದಂತೆ ವಿವರಗಳನ್ನು ಸ್ವಲ್ಪ ಬದಲಿಸಿದ್ದೇನೆ. ಬದಿಯಡ್ಕ ಕಡೆಯ ತೋಟದ ಮನೆ. ಅಜ್ಜ ನಿವೃತ್ತ ಲೆಕ್ಕದ ಮಾಷ್ಟ್ರು. ಪುಳ್ಳಿಗೆ, ಅಂದರೆ ಮೊಮ್ಮಗನಿಗೆ, 9 ವರ್ಷ. ಅಪ್ಪ ಅಮ್ಮ ಮಂಗಳೂರಲ್ಲಿ ಕೆಲಸದಲ್ಲಿದ್ದಾರೆ, ವಾರಕ್ಕೊಮ್ಮೆ ಬರುತ್ತಾರೆ.

"ಹತ್ತಿರ ಕೂತರೂ ಮಾತಿಲ್ಲ, ಮೊಬೈಲಿನಿಂದ ತಲೆ ಎತ್ತುವುದೇ ಇಲ್ಲ" ಎಂದು ಅಜ್ಜನ ದೂರು. ಹುಡುಗನನ್ನು ಬೇರೆ ಕೂರಿಸಿ ಕೇಳಿದೆ. "ಅಜ್ಜ ಮಾತಾಡುವುದಲ್ಲ, ಪ್ರಶ್ನೆ ಕೇಳುವುದು. ತಪ್ಪಿದರೆ ಇನ್ನೊಂದು ಕೇಳ್ತಾರೆ" ಅಂದ. ಮಾಷ್ಟ್ರು ಶಾಲೆ ಬಿಟ್ಟರೂ ಪಾಠ ಬಿಟ್ಟಿರಲಿಲ್ಲ, ಅಷ್ಟೇ.

ಇಬ್ಬರಿಗೂ ಕೈಗೆ ಕೆಲಸ ಕೊಟ್ಟೆ. ಅಜ್ಜನಿಗೆ ಹೇಳಿದ್ದು ಹೀಗೆ. ಅರಸಿನ ಕದಡಿದ ನೀರನ್ನು ಬಿಳಿ ಕಾಗದಕ್ಕೆ ಸವರಿ ಒಣಗಿಸಿ, ತುಂಡು ಮಾಡಿ. ನಿಮ್ಮ ಎಲೆಯಡಿಕೆಯ ಸುಣ್ಣವನ್ನು ನೀರಿಗೆ ಕಲಸಿ ಒಂದು ಹನಿ ಬಿಡಿ, ಕಾಗದ ಕೆಂಪಾಗುತ್ತದೆ. ಮೇಲೆ ಲಿಂಬೆ ಹಿಂಡಿದರೆ ಮತ್ತೆ ಹಳದಿ. ಸುಣ್ಣ ಕಣ್ಣಿಗೆ ಹಾರಿದರೆ ಅಪಾಯ, ಹಾಗಾಗಿ ಅದನ್ನು ನೀವೇ ಮುಟ್ಟಿ. ಸಾಬೂನು ನೀರು, ಮಜ್ಜಿಗೆ, ಒಲೆ ಬೂದಿಯ ನೀರು ಎಲ್ಲ ಅವನೇ ಹಾಕಲಿ. ಯಾವುದು ಕೆಂಪಾಗುತ್ತದೆ ಅಂತ ಮೊದಲೇ ಬಾಜಿ ಕಟ್ಟಿ. ನೀವು ಸೋಲುವುದೂ ಇರಲಿ! "ಯಾಕೆ ಹೇಳು ನೋಡುವ" ಅನ್ನಲೇಬಾರದು. ಅವನಾಗಿ ಕೇಳಿದರೆ, ಸುಣ್ಣದಂಥ ಕ್ಷಾರ ಅರಸಿನದ ಬಣ್ಣ ಬದಲಿಸುತ್ತದೆ, ಹುಳಿ ಅದನ್ನು ವಾಪಸ್ ತರುತ್ತದೆ ಅಂದರೆ ಸಾಕು.

ಎರಡನೆಯದು ಮಳೆ ಅಳೆಯುವುದು. ಬಾಯಿಯಿಂದ ತಳದವರೆಗೆ ಒಂದೇ ಅಗಲದ ಡಬ್ಬವನ್ನು ಮರಗಳಿಂದ ದೂರ, ಅಂಗಳದಲ್ಲಿಡಿ. ನಮ್ಮೂರ ಆಟಿ ತಿಂಗಳ ಜೋರು ಮಳೆಗೆ ಡಬ್ಬ ಸ್ವಲ್ಪ ಉದ್ದವೇ ಬೇಕು. ಬೆಳಗ್ಗೆ 8.30ಕ್ಕೆ ಸ್ಕೇಲ್ ಇಳಿಸಿ, ನೀರು ಎಷ್ಟು ಮಿಲಿಮೀಟರ್ ಇದೆಯೋ ಅಷ್ಟು ಮಳೆ. ಹವಾಮಾನ ಇಲಾಖೆ ಅಳೆಯುವುದೂ ಅದೇ ಹೊತ್ತಿಗೆ. ಅಳೆದು ಚೆಲ್ಲಿಬಿಡಿ. 1 ಮಿಲಿಮೀಟರ್ ಅಂದರೆ ಒಂದು ಚದರ ಮೀಟರ್ ಜಾಗಕ್ಕೆ 1 ಲೀಟರ್ ನೀರು. ಮನೆಯ ಮಾಡಿಗೆ (ಛಾವಣಿಗೆ) ಎಷ್ಟು ಲೀಟರ್ ಬಿತ್ತು ಅನ್ನುವ ಲೆಕ್ಕ ಅಜ್ಜನೇ ಮಾಡಲಿ, ಹುಡುಗ ತಿದ್ದಲಿ ಅಂದೆ. ಮಾಷ್ಟ್ರ ಮುಖ ಸ್ವಲ್ಪ ಗಂಟಿಕ್ಕಿತು.

ಮುಂದಿನ ಸಲ ಬಂದಾಗ ಅರಸಿನ ಕಾಗದ ಹಳೆಯದಾಗಿತ್ತು, ಎರಡೇ ದಿನಕ್ಕೆ ಬೇಜಾರು ಬಂತಂತೆ. ಮಳೆ ಪುಸ್ತಕ ಮಾತ್ರ ನಡೆಯುತ್ತಿದೆ. ಒಂದು ದಿನ 41 ಅಂತ ಅಜ್ಜ, 43 ಅಂತ ಪುಳ್ಳಿ. ಎರಡನ್ನೂ ಬರೆದಿಟ್ಟಿದ್ದಾರೆ. ಮೊಬೈಲ್ ಈಗಲೂ ಇದೆ. ಅದನ್ನೂ ಬಿಡಿಸಿ ಅಂತ ತಾಯಿ ಹೇಳಿದರು. ಅದು ಬೇರೆ ವಿಷಯ, ಅದಕ್ಕೆ ನೀವು ಗಂಡ ಹೆಂಡತಿ ಇಬ್ಬರೂ ಬನ್ನಿ ಅಂದೆ.