ಬಳ್ಳಾರಿಯಿಂದ ಒಂದೇ ದಿನಕ್ಕೆ ಹೋಗಿ ವಿಡಿಯೊ ಕಲೆಯ ಪ್ರದರ್ಶನ ನೋಡೋದು ಹೇಗೆ?

ತಾಯಿ ಮತ್ತು ಎಂಟು ವರ್ಷದ ಮಗಳ ಜೊತೆ ಬಳ್ಳಾರಿಯಿಂದ ಬೆಂಗಳೂರಿಗೆ ಒಂದು ದಿನದ ಮಟ್ಟಿಗೆ ಹೋಗ್ತಿದ್ದೀರಿ, ಮ್ಯೂಸಿಯಂನಲ್ಲಿ ಸಿನಿಮಾ ಮತ್ತು ವಿಡಿಯೊ ಕಲೆಯ ಪ್ರದರ್ಶನ ನೋಡಬೇಕು. ಹೋದ ಸಲ ಒಬ್ಬರೇ ಹೋದಾಗ ಏನೂ ತಲೆಗೆ ಹೋಗದೆ ಇಪ್ಪತ್ತೇ ನಿಮಿಷಕ್ಕೆ ಹೊರಬಂದಿರಿ. ಇದನ್ನ ನೋಡೋ ಕ್ರಮ ಅಂತ ಏನಾದರೂ ಇದೆಯಾ ಅಂತ ಕೇಳಿದ್ದೀರಿ. ಇದೆ. ಆದರೆ ಅದು ಕಲಾ ಸಿದ್ಧಾಂತದ ವಿಷಯ ಅಲ್ಲ, ಗಡಿಯಾರದ ವಿಷಯ.

ಬಳ್ಳಾರಿಯ ರಾಬರ್ಟ್ ಬ್ರೂಸ್ ಫೂಟ್ ಮ್ಯೂಸಿಯಂನಲ್ಲಿ ಸಂಗನಕಲ್ಲಿನ ಕಲ್ಲುಕೊಡಲಿ ನಿಮಗಾಗಿ ಕಾಯುತ್ತೆ. ಹತ್ತು ಸೆಕೆಂಡ್ ನೋಡಿ, ಹತ್ತು ನಿಮಿಷ ನೋಡಿ, ಅದು ಅಲ್ಲೇ ಇರುತ್ತೆ. ವಿಡಿಯೊ ಕಾಯೋದಿಲ್ಲ. ಬೆಳಿಗ್ಗೆ ಬಾಗಿಲು ತೆಗೆದಾಗ ಹಾಕಿದ್ದು ಸಂಜೆವರೆಗೂ ಸುತ್ತುತ್ತಲೇ ಇರುತ್ತೆ, ಅದಕ್ಕೇ ಲೂಪ್ ಅನ್ನೋದು. ನೀವು ಪರದೆ ಸರಿಸಿ ಒಳಗೆ ಕಾಲಿಟ್ಟಾಗ ಅದು ಹದಿನೇಳನೇ ನಿಮಿಷದಲ್ಲಿ ಇರಬಹುದು. ನಮ್ಮ ಕಡೆ ಬಯಲಾಟಕ್ಕೆ ಕೂತವರೂ ನಡುವೆ ಎದ್ದು ಚಹಾ ಕುಡಿದು ಬರ್ತಾರೆ, ಒಂದು ನಿದ್ದೆ ತೆಗೆದೂ ಬರ್ತಾರೆ. ಆದರೂ ಎಳೆ ತಪ್ಪೋದಿಲ್ಲ, ಯಾಕಂದ್ರೆ ಕಥೆ ಮೊದಲೇ ಗೊತ್ತು, ಯಾವ ವೇಷ ಎಷ್ಟು ಹೊತ್ತಿಗೆ ಬರುತ್ತೆ ಅಂತಲೂ ಗೊತ್ತು. ವಿಡಿಯೊ ಕೋಣೆಯಲ್ಲಿ ಆ ಸುಳಿವು ಸಿಗೋದು ಬಾಗಿಲ ಪಕ್ಕದ ಚೀಟಿಯಲ್ಲಿ ಮಾತ್ರ.

ಹೀಗಾಗಿ ಮೊದಲು ಚೀಟಿ, ಆಮೇಲೆ ಪರದೆ. ಸಾಮಾನ್ಯವಾಗಿ ಕಲಾವಿದರ ಹೆಸರು, ಕೃತಿಯ ಹೆಸರು, ವರ್ಷ, ಅದರ ಕೆಳಗೆ ಹೀಗೊಂದು ಸಾಲು ಇರುತ್ತೆ: ‘ಸಿಂಗಲ್ ಚಾನೆಲ್ ವಿಡಿಯೊ, ಬಣ್ಣ, ಧ್ವನಿ, 18 ನಿಮಿಷ, ಲೂಪ್’. ಚಾನೆಲ್ ಅಂದ್ರೆ ಟಿವಿ ಚಾನೆಲ್ ಅಲ್ಲ, ಒಟ್ಟಿಗೆ ಓಡುವ ಚಿತ್ರಗಳ ಸಂಖ್ಯೆ. ಮೂರು ಚಾನೆಲ್ ಅಂದ್ರೆ ಮೂರು ಪರದೆ. ‘ಧ್ವನಿ ಇಲ್ಲ’ ಅಂತ ಬರೆದಿದ್ದರೆ ಸ್ಪೀಕರ್ ಕೆಟ್ಟಿಲ್ಲ, ಕೃತಿಯೇ ಮೌನ. ‘16 ಎಂಎಂ ಫಿಲ್ಮ್, ಡಿಜಿಟಲ್‌ಗೆ ವರ್ಗಾಯಿಸಿದ್ದು’ ಅಂತಿದ್ದರೆ ಒಳಗೆ ರೀಲ್ ಇರೋದಿಲ್ಲ, ಡಿಜಿಟಲ್ ಪ್ರೊಜೆಕ್ಟರ್ ಅಷ್ಟೇ. ‘5 ಆವೃತ್ತಿ’ ಅನ್ನೋದು ಮಾರಾಟದ ಲೆಕ್ಕ, ನೋಡುವವರಿಗೆ ಅದರ ಗೊಡವೆ ಬೇಡ.

ಈಗ ಲೆಕ್ಕ. ಒಳಗೆ ಹೋದ ಕೂಡಲೇ ಕೂರಬೇಡಿ. ಮೊದಲ ಹದಿನೈದು ನಿಮಿಷ ಎಲ್ಲ ಕೋಣೆಗಳನ್ನೂ ಒಮ್ಮೆ ಸುತ್ತಿ ಪ್ರತಿ ಚೀಟಿಯ ನಿಮಿಷ ಬರೆದುಕೊಳ್ಳಿ. ಎಂಟು ಕೃತಿ ಇವೆ, 4, 6, 9, 12, 18, 26, 40, 65 ನಿಮಿಷ ಅಂತ ಇಟ್ಟುಕೊಳ್ಳಿ. ಕೂಡಿದರೆ ಸರಿಯಾಗಿ 3 ಗಂಟೆ, ಅದೂ ಪ್ರತಿಯೊಂದರ ಬಾಗಿಲಿಗೂ ಸರಿಯಾಗಿ ಶುರುವಿನ ಹೊತ್ತಿಗೇ ಹೋದರೆ. ಹೊತ್ತುಗೊತ್ತಿಲ್ಲದೆ ನುಗ್ಗಿದರೆ ಮುಂದಿನ ಶುರುವಿಗೆ ಸರಾಸರಿ ಅರ್ಧ ಲೂಪ್ ಕಾಯಬೇಕು. ಅಂದರೆ 40 ನಿಮಿಷದ್ದಕ್ಕೆ 20 ನಿಮಿಷ, 65 ನಿಮಿಷದ್ದಕ್ಕೆ ಅರ್ಧ ಗಂಟೆಗಿಂತ ಹೆಚ್ಚು. ಇದನ್ನ ತಪ್ಪಿಸೋ ಉಪಾಯ ಸುಲಭ. ಸುತ್ತುವಾಗ ಯಾವುದಾದರೂ ಕೋಣೆಯಲ್ಲಿ ಕೊನೆಯ ಹೆಸರುಗಳು ಬರುತ್ತಿದ್ದರೆ ಆ ಹೊತ್ತು ಗುರುತು ಹಾಕಿಕೊಳ್ಳಿ. 18 ನಿಮಿಷದ ವಿಡಿಯೊ 11:07ಕ್ಕೆ ಮುಗಿದರೆ 11:25, 11:43, 12:01ಕ್ಕೆ ಮತ್ತೆ ಶುರು. ಲೂಪ್‌ಗಳ ನಡುವೆ ಕೆಲವು ಸೆಕೆಂಡ್ ಕಪ್ಪು ಬಿಟ್ಟಿರುತ್ತಾರೆ, ಅಷ್ಟು ಹಿಂದೆಮುಂದೆ ಆಗುತ್ತೆ. ಕಣ್ಣಿಗೆ ಕೊನೆ ಬೀಳದಿದ್ದರೆ ಅಲ್ಲಿನ ಕಾವಲಿನವರನ್ನ ಕೇಳಿ. ದಿನಕ್ಕೆ ಇಪ್ಪತ್ತು ಸಲ ಅದನ್ನೇ ನೋಡೋ ಅವರಿಗೆ ಯಾವ ದೃಶ್ಯ ಆದಮೇಲೆ ಮುಗಿಯುತ್ತೆ ಅನ್ನೋದು ಬಾಯಿಪಾಠ. ಪ್ರದರ್ಶನ ಜೋಡಿಸಿದ ಕ್ಯೂರೇಟರ್‌ಗಿಂತ ಅವರ ಉತ್ತರ ಬೇಗ ಸಿಗುತ್ತೆ.

ಹಾಗಂತ ಎಲ್ಲವನ್ನೂ ಮೊದಲಿಂದ ಕೊನೆವರೆಗೆ ನೋಡಲೇಬೇಕು ಅಂತ ಹಟ ಬೇಡ. ಅಮೆರಿಕದ ಕಲಾವಿದ ಆಂಡಿ ವಾರ್ಹಾಲ್ 1964ರಲ್ಲಿ ಒಂದೇ ಕಟ್ಟಡದ ಮೇಲೆ ಕ್ಯಾಮೆರಾ ಇಟ್ಟು ಎಂಟು ಗಂಟೆಗೂ ಮೀರಿದ ಚಿತ್ರ ಮಾಡಿದ. ಇನ್ನೊಬ್ಬ ಕಲಾವಿದ ಕ್ರಿಶ್ಚಿಯನ್ ಮಾರ್ಕ್ಲೇ 2010ರಲ್ಲಿ ಮಾಡಿದ ಗಡಿಯಾರದ ಕೃತಿ 24 ಗಂಟೆಯದ್ದು, ಅದರೊಳಗಿನ ಹೊತ್ತೂ ಹೊರಗಿನ ಹೊತ್ತೂ ಒಂದೇ. ಇಂಥವನ್ನ ಇಡೀ ನೋಡಲಿ ಅನ್ನೋದು ಮಾಡಿದವರ ನಿರೀಕ್ಷೆಯೇ ಅಲ್ಲ. ನನ್ನ ಲೆಕ್ಕದಲ್ಲಿ ಒಂದು ದಿನಕ್ಕೆ ಪೂರ್ತಿ ನೋಡೋಕೆ ನಾಲ್ಕು ಕೃತಿ ಸಾಕು. ಉಳಿದವಕ್ಕೆ ತಲಾ ಐದು ನಿಮಿಷ ಕೊಡಿ, ಅದಕ್ಕಿಂತ ಕಡಿಮೆ ಮಾತ್ರ ಬೇಡ. ಮೊದಲ ಒಂದು ನಿಮಿಷ ಎಲ್ಲ ವಿಡಿಯೊ ಕಲೆಯೂ ಒಂದೇ ಥರ ಕಾಣುತ್ತೆ: ಯಾರೋ ನಿಧಾನಕ್ಕೆ ನಡೀತಿದ್ದಾರೆ, ಎಲ್ಲೋ ನೀರು ತೊಟ್ಟಿಕ್ಕುತ್ತಿದೆ. ಹೋದ ಸಲ ನಿಮಗೆ ಸಿಕ್ಕಿದ್ದು ಇಂಥ ಒಂದು ನಿಮಿಷಗಳ ಇಪ್ಪತ್ತು ತುಣುಕು.

ಕತ್ತಲೆ ಕೋಣೆಗೆ ಹೋಗುವಾಗ ತಾಯಿಯ ಕೈ ಹಿಡಿದುಕೊಳ್ಳಿ. ಬಿಸಿಲಿನಿಂದ ಒಳಗೆ ಬಂದ ಕಣ್ಣು ಕತ್ತಲೆಗೆ ಪೂರ್ತಿ ಹೊಂದಿಕೊಳ್ಳೋಕೆ 20ರಿಂದ 30 ನಿಮಿಷ ಬೇಕು, ವಯಸ್ಸಾದವರಿಗೆ ಇನ್ನೂ ಹೆಚ್ಚು. ಬಾಗಿಲ ಪರದೆ ದಾಟಿದ ಮೇಲೆ ಗೋಡೆಗೆ ಬೆನ್ನು ಕೊಟ್ಟು ಒಂದು ನಿಮಿಷ ನಿಲ್ಲಿ, ಬೆಂಚು ಎಲ್ಲಿದೆ ಕಂಡಮೇಲೆ ಮುಂದೆ ಹೋಗಿ. ಎಡವೋದು ಹೆಚ್ಚಾಗಿ ಟೇಪ್ ಹಾಕಿದ ಕೇಬಲ್ ಪಟ್ಟಿಗೆ ಇಲ್ಲವೇ ಬೆನ್ನಿಲ್ಲದ ಕಪ್ಪು ಬೆಂಚಿಗೆ. ಬೆನ್ನಿಗೆ ಆಸರೆ ಇಲ್ಲದ ಬೆಂಚಿನ ಮೇಲೆ ಅರ್ಧ ಗಂಟೆ ಕೂರೋದು ಹಿರಿಯರಿಗೆ ಕಷ್ಟ. ಗಾಲಿಕುರ್ಚಿ ಅಥವಾ ಮಡಚುವ ಸ್ಟೂಲ್ ಸಿಗುತ್ತಾ ಅಂತ ಹಿಂದಿನ ದಿನವೇ ಫೋನ್ ಮಾಡಿ ಕೇಳಿಕೊಳ್ಳಿ. ಒಂದು ಶಾಲು ಇರಲಿ. ನಮ್ಮಂಥ ಬಿಸಿಲೂರಿನವರಿಗೆ ಪ್ರೊಜೆಕ್ಟರ್ ಕೋಣೆಯ ಏಸಿ ಗಂಟೆಯೊಳಗೆ ಹಲ್ಲು ಕಟಕಟ ಅನಿಸುತ್ತೆ.

ಎಲ್ಲಿ ಕೂರಬೇಕು? ಒಂದೇ ಪರದೆ ಆದರೆ ಪರದೆಯ ಅಗಲದ ಒಂದೂವರೆಯಿಂದ ಎರಡು ಪಟ್ಟು ದೂರ. ಹೆಚ್ಚು ಪರದೆ ಇದ್ದರೆ ಎಲ್ಲವೂ ಕಣ್ಣಂಚಿಗಾದರೂ ಬೀಳೋ ಜಾಗ ಹುಡುಕಿ, ಕತ್ತು ತಿರುಗಿಸುತ್ತಾ ಒಂದೊಂದನ್ನೇ ಹಿಂಬಾಲಿಸಬೇಡಿ. ಕಲಾವಿದೆ ನಳಿನಿ ಮಲಾನಿಯವರ 1969ರ ಬಣ್ಣದ ಆನಿಮೇಷನ್ ಮತ್ತು 1976ರ ಕಪ್ಪುಬಿಳುಪು ಚಿತ್ರ ಅಕ್ಕಪಕ್ಕ ಓಡುವ ಕೃತಿಯೊಂದಿದೆ. ಒಂದು ಕಡೆ ಹೊಸ ಮನೆಗಳ ಕನಸು, ಪಕ್ಕದಲ್ಲೇ ಆ ಕನಸು ಮಾಸಿದ ನಗರ. ಒಂದನ್ನ ಮಾತ್ರ ನೋಡಿದರೆ ಕೃತಿಯೇ ಕೈತಪ್ಪುತ್ತೆ. ಅವರದೇ ನೆರಳಿನಾಟದ ಕೃತಿಗಳಲ್ಲಿ ಚಿತ್ರ ಬರೆದ ಪಾರದರ್ಶಕ ಮೈಲಾರ್ (ಒಂದು ಬಗೆಯ ಪ್ಲಾಸ್ಟಿಕ್ ಹಾಳೆ) ಸಿಲಿಂಡರುಗಳು ತಿರುಗುತ್ತವೆ, ಬೆಳಕು ಅವನ್ನ ಹಾದು ಗೋಡೆಗೆ ಬೀಳುತ್ತೆ. ಇದನ್ನ ಮಗಳಿಗೆ ವಿವರಿಸೋಕೆ ಬೇರೆ ಏನೂ ಬೇಡ, ತೊಗಲುಗೊಂಬೆ ಅಂದರೆ ಸಾಕು. ಬಳ್ಳಾರಿಯಲ್ಲಿ ಬೆಳಗಲ್ಲು ವೀರಣ್ಣನವರು ಆಡಿಸಿದ್ದು, ಕೊಪ್ಪಳದ ಮೋರನಾಳದಲ್ಲಿ 2025ರ ಪದ್ಮಶ್ರೀ ಪಡೆದ ಭೀಮವ್ವ ಶಿಳ್ಳೇಕ್ಯಾತರ ಆಡಿಸಿದ್ದು ಇದೇ ಬೆಳಕು, ಇದೇ ಬಣ್ಣದ ನೆರಳು. ಗ್ಯಾಲರಿಯಲ್ಲಿ ವ್ಯತ್ಯಾಸ ಏನಂದ್ರೆ ದೀಪಕ್ಕೂ ಗೋಡೆಗೂ ನಡುವೆ ನೀವೇ ನಿಂತಿರುತ್ತೀರಿ, ನಿಮ್ಮ ನೆರಳೂ ಅದರೊಳಗೆ ಸೇರುತ್ತೆ. ಕೆಲವು ಕೃತಿಗೆ ಅದು ಬೇಕು, ಕೆಲವಕ್ಕೆ ಬೇಡ. ಪ್ರೊಜೆಕ್ಟರ್ ಸೊಂಟದ ಎತ್ತರದಲ್ಲಿ, ನಡೆಯೋ ದಾರಿಯಲ್ಲೇ ಇದ್ದರೆ ನೆರಳು ಬೀಳಲಿ ಅಂತಲೇ ಇಟ್ಟಿರೋದು ಎಂದು ತಿಳಿಯಬಹುದು. ಚಾವಣಿಗೆ ತೂಗುಹಾಕಿದ್ದರೆ ಅಡ್ಡ ಬರಬೇಡಿ.

ನಿಜವಾದ 16 ಎಂಎಂ ಪ್ರೊಜೆಕ್ಟರ್ ಟಕಟಕ ಓಡುತ್ತಿದ್ದರೆ ಅದನ್ನೇ ಮೊದಲು ನೋಡಿ. ಸಂಜೆಗೆ ಕೆಟ್ಟಿರೋ ಸಂಭವ ಅದಕ್ಕೇ ಹೆಚ್ಚು. ಸೆಕೆಂಡಿಗೆ 24 ಚೌಕಟ್ಟು (ಫ್ರೇಮ್), ಒಂದು ಅಡಿಗೆ 40 ಚೌಕಟ್ಟು, ಅಂದರೆ ನಿಮಿಷಕ್ಕೆ 36 ಅಡಿ ಫಿಲ್ಮ್ ಹಾದುಹೋಗುತ್ತೆ. ಐದು ನಿಮಿಷದ ಲೂಪ್‌ಗೆ 180 ಅಡಿ, ಏಳು ಗಂಟೆ ಓಡಿಸಿದರೆ ಅದೇ ಪಟ್ಟಿ ದಿನಕ್ಕೆ 84 ಸಲ ಹಲ್ಲುಚಕ್ರದ ಮೇಲೆ ಹಾಯುತ್ತೆ. ಪ್ರತಿ ಸಲವೂ ಒಂದಿಷ್ಟು ಧೂಳು, ಒಂದಿಷ್ಟು ಗೀರು, ಕೊನೆಗೆ ಅಂಟಿಸಿದ ಜಾಗದಲ್ಲಿ ಕಿತ್ತುಬರುತ್ತೆ. ಇದೇ ಕಾರಣಕ್ಕೆ ಕೆಲವು ಕಡೆ ಗುಂಡಿ ಒತ್ತಿದರೆ ಮಾತ್ರ ಓಡುತ್ತೆ, ಇನ್ನು ಕೆಲವು ಕಡೆ ಗಂಟೆಗೊಮ್ಮೆ. ಗುಂಡಿ ಗೋಡೆಯಲ್ಲಿ ಕಾಣದಂತೆ ಇರುತ್ತೆ, ನಿಂತ ಪ್ರೊಜೆಕ್ಟರ್ ನೋಡಿ ಕೆಟ್ಟಿದೆ ಅಂತ ಹೊರಟುಬಿಡಬೇಡಿ.

ಡಿಜಿಟಲ್ ಕೃತಿಗಳೂ ಕೈಕೊಡುತ್ತವೆ. ನೀಲಿ ಪರದೆ, ‘ನೋ ಸಿಗ್ನಲ್’ ಇದ್ದರೆ ಅದು ಕಲೆಯಲ್ಲ, ಹೇಳಿದರೆ ಸರಿಮಾಡುತ್ತಾರೆ. ಬಾಗಿಲು ತೆಗೆದ ಮೊದಲ ಹತ್ತು ಹದಿನೈದು ನಿಮಿಷ ಯಂತ್ರಗಳನ್ನ ಒಂದೊಂದಾಗಿ ಹಚ್ಚುತ್ತಿರಬಹುದು. ಮುಚ್ಚೋ ಅರ್ಧ ಗಂಟೆ ಮುಂಚೆಯೇ ಆರಿಸೋಕೆ ಶುರು ಮಾಡೋದೂ ಉಂಟು, ಉದ್ದದ ಕೃತಿಯನ್ನ ಕೊನೆಗೆ ಇಟ್ಟುಕೊಂಡವರು ಅಲ್ಲಿ ಮೋಸ ಹೋಗ್ತಾರೆ. ಪಕ್ಕದ ಕೋಣೆಯ ಸದ್ದು ಇಲ್ಲಿಗೆ ನುಗ್ಗೋದು ಎಲ್ಲ ಕಡೆಯ ರೋಗ. ಹೆಡ್‌ಫೋನ್ ಇದ್ದರೆ ಹಾಕಿಕೊಳ್ಳಿ, ಮಗಳ ತಲೆಗೆ ಜಾರಿದರೆ ಪಟ್ಟಿಯನ್ನ ಹಿಂದಲೆಗೆ ಇಳಿಸಿ.

ಮಗಳ ವಿಷಯದಲ್ಲಿ ಎರಡು ಮಾತು. ಬಾಗಿಲಲ್ಲಿ ಮಿನುಗುವ ಬೆಳಕಿನ ಎಚ್ಚರಿಕೆ ಇದ್ದರೆ ಅದನ್ನ ಗಂಭೀರವಾಗಿ ತಗೊಳ್ಳಿ. ಮೂರ್ಛೆ ಇರುವವರಿಗೆ ಸೆಕೆಂಡಿಗೆ 3ರಿಂದ 30 ಸಲ ಮಿಂಚೋ ಬೆಳಕು ಅಪಾಯ, ಮನೆತನದಲ್ಲಿ ಯಾರಿಗಾದರೂ ಆ ತೊಂದರೆ ಇದ್ದರೆ ಆ ಕೋಣೆ ಬಿಟ್ಟುಬಿಡಿ. ಇನ್ನೊಂದು, ಕಲಾ ಪ್ರದರ್ಶನಕ್ಕೆ ಸೆನ್ಸಾರ್ ಪ್ರಮಾಣಪತ್ರ ಅಂತ ಬಾಗಿಲಲ್ಲಿ ಇರೋದಿಲ್ಲ. ಗಲಭೆ, ಹೆಣ, ಬೆತ್ತಲೆ ಮೈ ಯಾವ ಮುನ್ಸೂಚನೆಯೂ ಇಲ್ಲದೆ ಬರಬಹುದು. ಮೊದಲ ಸುತ್ತು ನೀವೊಬ್ಬರೇ ಹಾಕಿ, ಅಜ್ಜಿ ಮೊಮ್ಮಗಳು ಹೊರಗೆ ಕೂತಿರಲಿ.

ಫೋಟೋ ಬಗ್ಗೆ: ಚೀಟಿಯದ್ದು ತೆಗೆಯಿರಿ, ಅನುಮತಿ ಇದ್ದರೂ ಪರದೆಯದ್ದು ಸರಿಯಾಗಿ ಬರೋದಿಲ್ಲ. ಹಳೆ ಡಬ್ಬಾ ಟಿವಿ ಸೆಕೆಂಡಿಗೆ 50 ಸಲ ಚಿತ್ರ ಗೀಚುತ್ತೆ, ನಿಮ್ಮ ಫೋನು 30 ಸಲ ಹಿಡಿಯುತ್ತೆ, ನಡುವಿನ ಹೊಂದಾಣಿಕೆ ತಪ್ಪಿ ಕಪ್ಪು ಪಟ್ಟಿ ಉರುಳುತ್ತೆ. ಬೇಕೇ ಬೇಕು ಅಂದರೆ ಶಟರ್ 1/50 ಸೆಕೆಂಡಿಗೆ ಇಡಿ. ಟಾರ್ಚ್ ಮಾತ್ರ ಬೇಡ, ಕೋಣೆಯಲ್ಲಿರುವ ಎಲ್ಲರ ಕಣ್ಣೂ ಮತ್ತೆ ಮೊದಲಿನಿಂದ ಕತ್ತಲೆ ಕಲಿಯಬೇಕಾಗುತ್ತೆ.

ಪ್ರಯಾಣ: ಬಳ್ಳಾರಿ, ಕೊಪ್ಪಳದವರಿಗೆ ರಾತ್ರಿಯ ಹಂಪಿ ಎಕ್ಸ್‌ಪ್ರೆಸ್, ರಾಯಚೂರಿನವರಿಗೆ ಉದ್ಯಾನ್ ಎಕ್ಸ್‌ಪ್ರೆಸ್. ಕಸ್ತೂರಬಾ ರಸ್ತೆಯ ಮ್ಯಾಪ್‌ಗೆ (ಮ್ಯೂಸಿಯಂ ಆಫ್ ಆರ್ಟ್ ಆ್ಯಂಡ್ ಫೋಟೋಗ್ರಫಿ) ಹೋಗೋದಾದರೆ ಮೆಜೆಸ್ಟಿಕ್‌ನಿಂದ ನೇರಳೆ ಮೆಟ್ರೊ ಹಿಡಿದು ಕಬ್ಬನ್ ಪಾರ್ಕ್‌ನಲ್ಲಿ ಇಳಿಯಿರಿ. ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್‌ನಲ್ಲಿರುವ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಗೆ ಆಟೊ ವಾಸಿ. ಎರಡಕ್ಕೂ ಸೋಮವಾರ ರಜೆ, ಹೀಗಾಗಿ ಭಾನುವಾರ ರಾತ್ರಿ ರೈಲು ಹತ್ತಬೇಡಿ. ಭಾನುವಾರ ಮಧ್ಯಾಹ್ನ ಬೆಂಚು ಸಿಗೋದು ಕಷ್ಟ. ಮಂಗಳವಾರದಿಂದ ಶುಕ್ರವಾರದೊಳಗೆ, ಬಾಗಿಲು ತೆಗೆದ ಅರ್ಧ ಗಂಟೆಗೆ ಒಳಗಿರಿ. ತಿಂಡಿ ಗಟ್ಟಿಯಾಗಿ ಮುಗಿಸಿಕೊಂಡೇ ಹೋಗಿ, ಗ್ಯಾಲರಿಯೊಳಗೆ ನೀರಿನ ಬಾಟಲಿಯನ್ನೂ ಬಿಡೋದಿಲ್ಲ.